ಸಹಾಯ ಬೇಕು: ಉಳಿದಿರೋ ದುಡ್ಡು ಸ್ಕೋಪ್‌ಗೆ ಹಾಕ್ಲಾ, ಕಾಡತೂಸಿಗೆ ಹಾಕ್ಲಾ?

ಎಲ್ರಿಗೂ ನಮಸ್ಕಾರ. ಪ್ರಿಸಿಷನ್ ರೈಫಲ್ ಶೂಟಿಂಗ್ ಕಲೀತಿದೀನಿ, ಬಜೆಟ್ ಕಮ್ಮಿ, ಅದಕ್ಕೆ ದೊಡ್ಡ ಕ್ಯಾಲಿಬರ್ ಕಡೆ ತಲೆನೇ ಹಾಕ್ದೆ .22 ಎಲ್‌ಆರ್ (ಸಣ್ಣ ಕಾಡತೂಸು) ಹೊಡೆಯೋ, ಪ್ರತಿ ಗುಂಡಿಗೂ ಕೈಯಲ್ಲೇ ಬೋಲ್ಟ್ ಎಳೆಯೋ ಬೋಲ್ಟ್ ಆಕ್ಷನ್ ರೈಫಲ್ ತಗೊಂಡೆ. ಲೈಸೆನ್ಸು, ರೇಂಜು ಎಲ್ಲಾ ಸರಿ ಇದೆ.

25 ಮೀಟರಲ್ಲಿ ತೂತುಗಳು ಒಂದರ ಮೇಲೊಂದು ಕೂರ್ತವೆ, 50ಕ್ಕೆ ಹೋದ್ರೆ ಗ್ರೂಪ್ (ತೂತುಗಳ ಗುಂಪು) ಚೆಲ್ಲಾಪಿಲ್ಲಿ. 1 ಎಂಒಎ (ಗ್ರೂಪ್ ಅಳೆಯೋ ಕೋನದ ಅಳತೆ, ಒಂದು ಡಿಗ್ರಿಯ 60ನೇ ಒಂದು ಭಾಗ) ಅಂದ್ರೆ ಅಲ್ಲಿ ಹತ್ತತ್ರ 14.5 ಮಿ.ಮೀ, ನಂದು ಅದರ ಮೂರು ಪಟ್ಟು ಬರ್ತಿದೆ, ಅದೂ ಮೇಲೆ ಕೆಳಗೆ ಉದ್ದಕ್ಕೆ, ಪಕ್ಕಕ್ಕೆ ಅಷ್ಟೇನಿಲ್ಲ. ಬೈಪಾಡ್ (ರೈಫಲ್ ಮುಂದಿನ ಎರಡು ಕಾಲಿನ ಸ್ಟ್ಯಾಂಡ್) ತೆಗೆದು ಮುಂದೆ ಹಿಂದೆ ಮರಳಿನ ಚೀಲ ಇಟ್ಟು ನೋಡ್ದೆ, ಆಕ್ಷನ್ ಸ್ಕ್ರೂ, ಸ್ಕೋಪ್ ರಿಂಗು ಟೈಟ್ ಮಾಡ್ದೆ, ಬ್ಯಾರಲ್ ಕ್ಲೀನ್ ಮಾಡ್ದೆ, ಏನೂ ಬದಲಾಗ್ಲಿಲ್ಲ.

ರೇಂಜಲ್ಲಿ ಒಬ್ರು, ನಿನ್ನ ಸ್ಕೋಪ್ ಪ್ಯಾರಲ್ಯಾಕ್ಸ್ (ಕಣ್ಣು ಸರಿದ್ರೆ ಗುರಿ ಸರಿದಂಗೆ ಕಾಣೋದು) 100 ಗಜಕ್ಕೆ ಫಿಕ್ಸ್ ಆಗಿದೆ, ರಿಮ್‌ಫೈರ್‌ಗೆ (.22 ಥರದ್ದಕ್ಕೆ) ಸರಿಹೋಗಲ್ಲ, ಅಡ್ಜಸ್ಟ್ ಆಗೋದು ತಗೋ ಅಂದ್ರು. ನಿಜ, ತಲೆ ಸ್ವಲ್ಪ ಅಲ್ಲಾಡಿಸಿದ್ರೆ ಕ್ರಾಸ್‌ಹೇರ್ ಟಾರ್ಗೆಟ್ ಮೇಲೆ ಜಾರೋದು ಕಣ್ಣಿಗೆ ಕಾಣತ್ತೆ. ಆದ್ರೆ ಅದೇ ಕಾರಣ ಆಗಿದ್ರೆ 25ರಲ್ಲಿ ಇನ್ನೂ ಕೆಡಬೇಕಿತ್ತಲ್ವಾ? ಇನ್ನೊಬ್ರು, ನೀನು ಹೊಡೀತಿರೋದು ಹೈ ವೆಲಾಸಿಟಿ ಅಗ್ಗದ ಕಾಡತೂಸು, ಒಂದೊಂದರ ಸ್ಪೀಡ್ ಒಂದೊಂಥರ ಇರತ್ತೆ, ಅದಕ್ಕೇ ಮೇಲೆ ಕೆಳಗೆ ಬೀಳತ್ತೆ, ಸಬ್‌ಸಾನಿಕ್ (ಶಬ್ದಕ್ಕಿಂತ ನಿಧಾನ ಹೋಗೋ) ಮ್ಯಾಚ್ ಗ್ರೇಡ್ (ಸ್ಪರ್ಧೆ ಗುಣಮಟ್ಟದ್ದು) ತಗೊಂಡು ಬೇರೆ ಬೇರೆ ಲಾಟ್ (ಒಟ್ಟಿಗೆ ತಯಾರಾದ ಕಂತು) ಟೆಸ್ಟ್ ಮಾಡು ಅಂತಾರೆ. (ಇಬ್ರೂ ಚೆನ್ನಾಗಿ ಹೊಡೀತಾರೆ, ಅದೇ ತಲೆನೋವು.) ಎರಡಕ್ಕೂ ಸೇರಿ ದುಡ್ಡಿಲ್ಲ.

ಹಿಂಗೆ ಉದ್ದಕ್ಕೆ ಹರಡ್ತಿರೋದು ಕಾಡತೂಸಿನ ಸಮಸ್ಯೆನಾ, ಸ್ಕೋಪಿಂದಾ, ಇಲ್ಲಾ ನನ್ನ ಉಸಿರಾಟದ್ದಾ? ಮೊದಲು ಯಾವುದಕ್ಕೆ ಖರ್ಚು ಮಾಡ್ಲಿ, ಖರ್ಚಿಗೆ ಮುಂಚೆ ಪುಕ್ಕಟೆಯಾಗಿ ಪತ್ತೆ ಮಾಡೋ ಟೆಸ್ಟ್ ಏನಾದ್ರೂ ಇದ್ಯಾ?