ಬ್ಯಾಚ್ ಫೈಲಿನಿಂದ ಮೈಎಸ್‌ಕ್ಯೂಎಲ್ ತೆರೆದರೆ ಒಂದೇ ಸಾಲು ಓಡುತ್ತಲೇ ಇದೆ

ಸಂಜೆಪಾಠ:
ಎಲ್ಲರಿಗೂ ನಮಸ್ಕಾರ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್ ಕಲಿಯಲು ಶುರು ಮಾಡಿ ಮೂರು ವಾರ ಆಯಿತು. ವಿಂಡೋಸ್ 11, ಡೇಟಾಬೇಸ್ ಪ್ರೋಗ್ರಾಂ ಮೈಎಸ್‌ಕ್ಯೂಎಲ್ 8.0. ದಿನಾ ಅದೇ ಸಾಲು ಟೈಪ್ ಮಾಡಿ ಬೇಜಾರಾಗಿ, ನೋಟ್‌ಪ್ಯಾಡ್‌ನಲ್ಲಿ ಒಂದು ಬ್ಯಾಚ್ ಫೈಲ್ (ಕಮಾಂಡ್‌ಗಳನ್ನು ಸಾಲಾಗಿ ಓಡಿಸುವ ಫೈಲ್) ಬರೆದು ಡೆಸ್ಕ್‌ಟಾಪ್‌ನಲ್ಲಿ ಇಟ್ಟೆ. ಅದರ ಹೆಸರು ‘ಮೈಎಸ್‌ಕ್ಯೂಎಲ್.ಬ್ಯಾಟ್’. ಒಳಗೆ ಇರುವುದು ಎರಡೇ ಸಾಲು: ಮೊದಲನೆಯದು ರೂಟ್ ಅನ್ನುವ ಮುಖ್ಯ ಖಾತೆಯಿಂದ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಲು, ಎರಡನೆಯದು ‘ಶಾಲೆ’ ಡೇಟಾಬೇಸ್ ಆರಿಸಲು. ಓದಲು ಸುಲಭ ಆಗಲಿ ಅಂತ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳೇ ಇವೆ.

ಮೈಎಸ್‌ಕ್ಯೂಎಲ್ -ಯು ರೂಟ್ -ಪಿ
ಯೂಸ್ ಶಾಲೆ;

ಡಬಲ್ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿಯಲ್ಲಿ ಮೊದಲ ಸಾಲೇ ಮತ್ತೆ ಮತ್ತೆ ಬರುತ್ತದೆ, ನಿಲ್ಲುವುದೇ ಇಲ್ಲ. ಪಾಸ್‌ವರ್ಡ್ ಕೂಡ ಕೇಳುವುದಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ಅದೇ ಸಾಲನ್ನು ಕೈಯಲ್ಲಿ ಟೈಪ್ ಮಾಡಿದರೆ ಸರಿಯಾಗಿ ಒಳಗೆ ಹೋಗುತ್ತದೆ. ಮೈಎಸ್‌ಕ್ಯೂಎಲ್ ಸರ್ವಿಸ್ ಕೂಡ ಹಿನ್ನೆಲೆಯಲ್ಲಿ ನಡೆಯುತ್ತಿದೆ. ಎರಡು ಸಂಜೆ ಇದರಲ್ಲೇ ಕಳೆಯಿತು.

ಹಳೇಕೀಬೋರ್ಡ್:
ತೊಂದರೆ ಇರುವುದು ಫೈಲಿನ ಹೆಸರಿನಲ್ಲಿ. ಒಂದು ಹೆಸರು ಟೈಪ್ ಮಾಡಿದಾಗ ವಿಂಡೋಸ್ ಮೊದಲು ಈಗ ಇರುವ ಫೋಲ್ಡರ್‌ನಲ್ಲೇ ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ಮಾತ್ರ ಪಾತ್ ಪಟ್ಟಿಯ (ಪ್ರೋಗ್ರಾಂ ಹುಡುಕಲು ವಿಂಡೋಸ್ ಇಟ್ಟುಕೊಂಡಿರುವ ಪಟ್ಟಿ) ಫೋಲ್ಡರ್‌ಗಳಿಗೆ ಹೋಗುತ್ತದೆ. ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ಅದೇ ಹೆಸರಿನ ಬ್ಯಾಟ್ ಫೈಲ್ ಇದೆಯಲ್ಲ, ಅದೇ ಸಿಕ್ಕಿಬಿಡುತ್ತದೆ. ಅಂದರೆ ಫೈಲ್ ತನ್ನನ್ನೇ ಕರೆಯುತ್ತಿದೆ. ಎರಡನೇ ಸಾಲಿಗೆ ಅದು ಬಂದೇ ಇಲ್ಲ. ಕೈಯಲ್ಲಿ ಟೈಪ್ ಮಾಡಿದಾಗ ನೀವು ಬೇರೆ ಫೋಲ್ಡರ್‌ನಲ್ಲಿ ಇದ್ದಿರಿ, ಹಾಗಾಗಿ ನಿಜವಾದ ಪ್ರೋಗ್ರಾಂ ಸಿಕ್ಕಿತು.

ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ. ಫೈಲಿಗೆ ‘ಕಲಿಕೆ.ಬ್ಯಾಟ್’ ಅಂತ ಹೆಸರಿಡಿ. ಮುಂದೆ ಯಾವತ್ತಾದರೂ ಪ್ರೋಗ್ರಾಂ ಇರುವ ಜಾಗದ ಪೂರ್ತಿ ಪಾತ್ ಬರೆಯಬೇಕಾಗಿ ಬಂದರೆ ಅದನ್ನು ಡಬಲ್ ಕೋಟ್ ಒಳಗೆ ಹಾಕಿ. ‘ಪ್ರೋಗ್ರಾಂ ಫೈಲ್ಸ್’ ಹೆಸರಿನ ನಡುವೆ ಸ್ಪೇಸ್ ಇದೆ. ಕೋಟ್ ಇಲ್ಲದಿದ್ದರೆ ‘ಸಿ:\ಪ್ರೋಗ್ರಾಂ’ ಅನ್ನುವ ಕಮಾಂಡ್ ಗೊತ್ತಿಲ್ಲ ಅನ್ನುತ್ತದೆ.

ಸಂಜೆಪಾಠ:
ಸರ್, ಹೆಸರು ಬದಲಿಸಿದ ತಕ್ಷಣ ಪಾಸ್‌ವರ್ಡ್ ಕೇಳಿತು! ತುಂಬಾ ಥ್ಯಾಂಕ್ಸ್. ಆದರೆ ಒಳಗೆ ಹೋಗಿ ಮಾಹಿತಿ ತೆಗೆಯಲು ಸೆಲೆಕ್ಟ್ ಕೊಟ್ಟರೆ ಎರರ್ 1046, ಡೇಟಾಬೇಸ್ ಆರಿಸಿಲ್ಲ ಅನ್ನುತ್ತದೆ. ಎರಡನೇ ಸಾಲಿನಲ್ಲಿ ಯೂಸ್ ಇದೆ ಅಲ್ವಾ?

ಹಳೇಕೀಬೋರ್ಡ್:
ಇದೆ, ಆದರೆ ಅದು ಮೈಎಸ್‌ಕ್ಯೂಎಲ್‌ಗೆ ತಲುಪುವುದೇ ಇಲ್ಲ. ಕಲಿಯುವಾಗ ಇದು ಎಲ್ಲರಿಗೂ ಗೊಂದಲ, ಯಾಕೆಂದರೆ ಕಿಟಕಿ ಒಂದೇ ಕಾಣುತ್ತದೆ. ಒಳಗೆ ಇರುವವರು ಇಬ್ಬರು. ಬ್ಯಾಚ್ ಫೈಲಿನ ಸಾಲುಗಳನ್ನು ಓದುವುದು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್. ಅದು ಮೊದಲ ಸಾಲಿನಿಂದ ಮೈಎಸ್‌ಕ್ಯೂಎಲ್ ಶುರು ಮಾಡಿ, ಅದು ಮುಗಿಯುವವರೆಗೆ ಕಾಯುತ್ತಾ ಕೂರುತ್ತದೆ. ಆಮೇಲೆ ನೀವು ಟೈಪ್ ಮಾಡುವುದೆಲ್ಲ ಮೈಎಸ್‌ಕ್ಯೂಎಲ್‌ಗೆ ಹೋಗುತ್ತದೆ. ನೀವು ಎಕ್ಸಿಟ್ ಕೊಟ್ಟ ಮೇಲೆ ಕಮಾಂಡ್ ಪ್ರಾಂಪ್ಟ್ ಎರಡನೇ ಸಾಲಿಗೆ ಬರುತ್ತದೆ. ಯೂಸ್ ಅನ್ನುವ ಕಮಾಂಡ್ ಅದಕ್ಕೆ ಗೊತ್ತಿಲ್ಲ. ಹಾಗಂತ ಹೇಳಿ ಮುಗಿಸುತ್ತದೆ, ಕಿಟಕಿ ತಕ್ಷಣ ಮುಚ್ಚಿಕೊಳ್ಳುವುದರಿಂದ ನಿಮಗೆ ಕಾಣಿಸುವುದಿಲ್ಲ. ಪರೀಕ್ಷೆ ಮಾಡಲು ಕೊನೆಗೆ ‘ಪಾಸ್’ ಅಂತ ಒಂದು ಸಾಲು ಸೇರಿಸಿ ನೋಡಿ. ಪಿ, ಎ, ಯು, ಎಸ್, ಇ.

ಪರಿಹಾರ ಸುಲಭ. ಯೂಸ್ ಸಾಲು ತೆಗೆದು, ಡೇಟಾಬೇಸ್ ಹೆಸರನ್ನು ಮೊದಲ ಸಾಲಿನ ಕೊನೆಗೇ ಬರೆಯಿರಿ:

ಮೈಎಸ್‌ಕ್ಯೂಎಲ್ -ಯು ರೂಟ್ -ಪಿ ಶಾಲೆ

ಸಂಜೆಪಾಠ:
ಸರಿಹೋಯಿತು. ಪಾಸ್‌ವರ್ಡ್ ಕೂಡ ಫೈಲಿನಲ್ಲೇ ಬರೆದಿಡಬಹುದಾ?

ಕೋಷ್ಟಕಪ್ರಿಯ:
ದಯವಿಟ್ಟು ಬೇಡ. ಆ ಫೈಲನ್ನು ಯಾರು ತೆರೆದರೂ ರೂಟ್ ಪಾಸ್‌ವರ್ಡ್ ಓದಬಹುದು. ಅದೂ ಅಲ್ಲದೆ, -ಪಿ ಆದ ಮೇಲೆ ಸ್ಪೇಸ್ ಬಿಟ್ಟರೆ ಮುಂದಿನ ಪದವನ್ನು ಡೇಟಾಬೇಸ್ ಹೆಸರು ಅಂತಲೇ ತೆಗೆದುಕೊಳ್ಳುತ್ತದೆ. ಮೇಲಿನ ಸಾಲು ಕೆಲಸ ಮಾಡುವುದೇ ಅದರಿಂದ. ಪಾಸ್‌ವರ್ಡ್‌ನಲ್ಲಿ ಶೇಕಡಾ ಚಿಹ್ನೆ ಇದ್ದರಂತೂ ಇನ್ನೊಂದು ತಲೆನೋವು. ಬ್ಯಾಚ್ ಫೈಲಿನಲ್ಲಿ ಅದಕ್ಕೆ ಬೇರೆ ಅರ್ಥ ಇದೆ. ‘%2’ ಇದ್ದರೆ ಅಷ್ಟೂ ಮಾಯವಾಗಿ, ಪ್ರವೇಶ ಇಲ್ಲ ಅನ್ನುವ ಎರರ್ 1045 ಬರುತ್ತದೆ. ಚಿಹ್ನೆಯನ್ನು ಎರಡು ಸಲ ಬರೆದರೆ ಮಾತ್ರ ಉಳಿಯುತ್ತದೆ.

ಬದಲಿಗೆ ಮೈಎಸ್‌ಕ್ಯೂಎಲ್ ಜೊತೆಗೇ ಬರುವ ‘ಕಾನ್ಫಿಗ್ ಎಡಿಟರ್’ ಬಳಸಿ. ‘ಸೆಟ್’ ಕೊಟ್ಟು, ಲಾಗಿನ್ ಪಾತ್‌ಗೆ (ಉಳಿಸಿಟ್ಟ ಲಾಗಿನ್ ವಿವರಗಳ ಗುಂಪಿಗೆ) ‘ಕಲಿಕೆ’ ಅಂತ ಹೆಸರಿಟ್ಟು, ಯೂಸರ್ ಮತ್ತು ಪಾಸ್‌ವರ್ಡ್ ಒಮ್ಮೆ ಕೊಟ್ಟರೆ ಸಾಕು. ನಿಮ್ಮ ವಿಂಡೋಸ್ ಖಾತೆಯಲ್ಲಿ ನೇರವಾಗಿ ಓದಲಾಗದ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ಅದು ಗಟ್ಟಿ ಬೀಗವಲ್ಲ, ಆದರೆ ನೋಟ್‌ಪ್ಯಾಡ್‌ನಲ್ಲಿ ಬಿದ್ದಿರುವುದಕ್ಕಿಂತ ಎಷ್ಟೋ ವಾಸಿ.

ಮೈಎಸ್‌ಕ್ಯೂಎಲ್ --ಲಾಗಿನ್-ಪಾತ್=ಕಲಿಕೆ ಶಾಲೆ

ಇದಕ್ಕೆ ‘--ಟೀ=’ ಅಂತ ಒಂದು ಫೈಲಿನ ಹೆಸರನ್ನೂ ಸೇರಿಸಿ. ನೀವು ಕೊಟ್ಟ ಕ್ವೆರಿ, ಬಂದ ಉತ್ತರ, ಎರರ್ ಎಲ್ಲ ಅದರಲ್ಲಿ ಸೇರುತ್ತಾ ಹೋಗುತ್ತವೆ. ಹೋದ ವಾರ ಎರಡು ಕೋಷ್ಟಕ ಜೋಡಿಸುವ ಜಾಯಿನ್ ಹೇಗೆ ಬರೆದೆ ಅಂತ ಹುಡುಕಲು ಇದಕ್ಕಿಂತ ಒಳ್ಳೆಯ ನೋಟ್‌ಬುಕ್ ಇಲ್ಲ. ನಾನು ಕಲಿಯುವಾಗ ಇದು ತಡವಾಗಿ ಗೊತ್ತಾಯಿತು, ನಿಮಗೆ ಮೊದಲೇ ಗೊತ್ತಿರಲಿ.

ಸಂಜೆಪಾಠ:
ಎರಡೂ ಮಾಡಿದೆ. ಈಗ ಫೈಲಿನಲ್ಲಿ ಇರುವುದು ಒಂದು ಸಾಲು, ಕೆಳಗೆ ಪಾಸ್. ಡಬಲ್ ಕ್ಲಿಕ್ ಮಾಡಿದರೆ ನೇರ ಶಾಲೆ ಡೇಟಾಬೇಸ್‌ಗೆ ಹೋಗುತ್ತದೆ. ಟೀ ಫೈಲಿನಲ್ಲಿ ಇವತ್ತಿನ ಹನ್ನೊಂದು ಕ್ವೆರಿ ಇವೆ, ಅದರಲ್ಲಿ ನಾಲ್ಕು ತಪ್ಪು. ಅವನ್ನು ನೋಡಿಕೊಂಡು ಈಗ ಮತ್ತೆ ಬರೆಯುತ್ತಿದ್ದೇನೆ.