ಅಪ್‌ಡೇಟ್: ಲೈಬ್ರರಿ ಇ-ಪುಸ್ತಕ ಹಾಸ್ಟೆಲ್‌ನಲ್ಲೂ ತೆರೀತು, ಆದ್ರೆ…

ಕ್ಯಾಟಲಾಗ್‌ನಲ್ಲಿ ಇರೋ ಇ-ಪುಸ್ತಕ ಹಾಸ್ಟೆಲ್‌ನಲ್ಲಿ ಯಾಕೆ ತೆರೆಯಲ್ಲ, ಲೈಬ್ರರಿಯಲ್ಲೇ ಕೂತರೂ ಒಮ್ಮೊಮ್ಮೆ 'ಬಳಕೆಯಲ್ಲಿದೆ' ಅಂತ ಯಾಕೆ ಬರುತ್ತೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಮೊದಲನೆಯದು ಬಗೆಹರಿಯಿತು. ಪ್ರಕಾಶಕರ ಸೈಟ್ ಕ್ಯಾಂಪಸ್‌ನ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ನೋಡಿ ಒಳಗೆ ಬಿಡುತ್ತೆ. ಮೊಬೈಲ್ ಡೇಟಾದಲ್ಲಿ ಹೋದರೆ ನಾವು ಹೊರಗಿನವರೇ. ವಿ.ವಿ. ಲೈಬ್ರರಿಗಳನ್ನು ಜೋಡಿಸೋ ಇನ್‌ಫ್ಲಿಬ್‌ನೆಟ್ ಕೇಂದ್ರದ ಇನ್‌ಫೆಡ್‌ಗೆ, ಅಂದ್ರೆ ಸಂಸ್ಥೆಯ ಐಡಿಯಿಂದ ಹೊರಗಿನಿಂದಲೂ ಲಾಗಿನ್ ಆಗೋ ವ್ಯವಸ್ಥೆಗೆ, ನಮ್ಮ ವಿ.ವಿ. ಸೇರಿದೆಯಂತೆ. ಲೈಬ್ರರಿಯಲ್ಲಿ ಐಡಿ ಮಾಡಿಸಿಕೊಂಡೆ. ಈಗ ಸಂಸ್ಥೆಯ ಹೆಸರು ಆರಿಸಿ ಲಾಗಿನ್ ಆದರೆ ಸಾಕು.

ಎರಡನೆಯದೇ ತಲೆನೋವು. ಲೈಬ್ರರಿ ಮೇಡಂ ಮಾನಿಟರ್ ನನ್ನ ಕಡೆ ತಿರುಗಿಸಿ ತೋರಿಸಿದರು: ಒಂದೇ ಪುಸ್ತಕಕ್ಕೆ ಮೂರು ದರ. ಏಕಕಾಲಕ್ಕೆ ಒಬ್ಬರಿಗೆ, ಮೂವರಿಗೆ, ಎಷ್ಟು ಜನಕ್ಕಾದರೂ. ನಮ್ಮಲ್ಲಿರೋದು ಒಬ್ಬರದ್ದು. ಓದಿದವರು ಲಾಗ್‌ಔಟ್ ಮಾಡದೆ ಟ್ಯಾಬ್ ಹಾಗೇ ಬಿಟ್ಟು ಊಟಕ್ಕೆ ಹೋದರೆ, ಸೆಷನ್ ತಾನಾಗಿ ಮುಗಿಯೋವರೆಗೂ ಉಳಿದವರು ಕಾಯಬೇಕು. ಸವೆಯದ, ಹರಿಯದ ಫೈಲಿಗೂ ಸರದಿ ಸಾಲು! ಪರೀಕ್ಷೆ ಹತ್ತಿರ ಬಂದಾಗ ಕೇಳೋದೇ ಬೇಡ.

ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ ಇದೆಯಲ್ಲ ಅಂತ ಕೆಲವರು ಹೇಳಿದ್ರಿ. 2025ರ ಜನವರಿ 1ರಿಂದ ಶುರುವಾದ ಆ ಯೋಜನೆ ಸಂಶೋಧನಾ ಜರ್ನಲ್‌ಗಳಿಗೆ. ಪಿಎಚ್‌ಡಿಯವರಿಗೆ ಒಳ್ಳೇದೇ, ನಮ್ಮ ಪಠ್ಯಪುಸ್ತಕದ ಗೋಳು ಅದರಿಂದ ತೀರಲ್ಲ.

ಅಧ್ಯಾಯವಾರು ಪಿಡಿಎಫ್ ಇಳಿಸಿಕೊಳ್ಳಿ ಅಂದವರಿಗೆ: ಅದಕ್ಕೂ ಪುಟಗಳ ಮಿತಿ ಇದೆ, ಆದ್ರೂ ಸದ್ಯಕ್ಕೆ ಕೆಲಸ ನಡೀತಿದೆ.

ಮೂವರ ಲೈಸೆನ್ಸ್ ತರಿಸಿ ಅಂತ ಕ್ಲಾಸಿನವರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ. ಎಚ್‌ಒಡಿ (ವಿಭಾಗದ ಮುಖ್ಯಸ್ಥ) ಸರ್ ಶಿಫಾರಸು ಬಾಕಿ.