ಓವರ್‌ಡ್ರೈವ್ ಮತ್ತು ಬೂಸ್ಟರ್ ಪೆಡಲ್ ಮನೆಯಲ್ಲೇ ಕಟ್ಟಿದವರು ಅನುಭವ ತಿಳಿಸಿ

ತುಂಗಾತೀರ
ಶಿವಮೊಗ್ಗದಲ್ಲಿದ್ದೇನೆ. ಸ್ಟ್ರಾಟ್ ಮಾದರಿಯ ಗಿಟಾರ್ ಮತ್ತು 15 ವಾಟ್‌ನ ಟ್ರಾನ್ಸಿಸ್ಟರ್ ಆಂಪ್ ಇವೆ. ಟ್ಯೂಬ್ ಸ್ಕ್ರೀಮರ್ ಮಾದರಿಯ ಓವರ್‌ಡ್ರೈವ್ (ಗಿಟಾರ್ ಮತ್ತು ಆಂಪ್ ನಡುವೆ ಕೂತು ಸದ್ದನ್ನು ಒರಟಾಗಿಸುವ ಪೆಡಲ್), ಎಲ್‌ಪಿಬಿ-1 ಮಾದರಿಯ ಬೂಸ್ಟರ್ (ಸದ್ದನ್ನು ಏರಿಸುವುದು) ಎರಡನ್ನೂ ಒಂದೇ ಡಬ್ಬಿಯಲ್ಲಿ ಕಟ್ಟುವ ಆಸೆ. ಕೈಯಲ್ಲಿ 2,500 ರೂಪಾಯಿ ಇದೆ. ಕಿಟ್ ತರಿಸಲೇ, ಬಿಡಿಭಾಗ ಕೊಳ್ಳಲೇ? ಬೂಸ್ಟರ್ ಮೊದಲು ಬರಬೇಕೋ ಕೊನೆಗೋ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಬೆಸುಗೆ ಭಟ್ಟ
ಕಿಟ್ ಎಂಬ ಮಾತನ್ನೇ ಎತ್ತಬೇಡಿ. ನಾನು ಶಿರಸಿಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲೇ ಎಲ್ಲವನ್ನೂ ಕೊಂಡವನು. ಚೀಟಿ ಇನ್ನೂ ಇದೆ, ಓದುತ್ತೇನೆ: 3ಪಿಡಿಟಿ (ಒಂಬತ್ತು ಕಾಲಿನ) ಕಾಲ್‌ಸ್ವಿಚ್ ಎರಡಕ್ಕೆ 360, ಎರಕದ ಅಲ್ಯೂಮಿನಿಯಂ ಡಬ್ಬಿ 450, ನಾಲ್ಕು ಪಾಟ್ (ನಾಬ್ ತಿರುಗಿಸಿ ಬದಲಿಸುವ ರೆಸಿಸ್ಟರ್) 140, ಎರಡು ಜ್ಯಾಕ್ 110, ಡಿ.ಸಿ. ಸಾಕೆಟ್ 25, 4558 ಐಸಿ ಮತ್ತು ಅದರ ಸಾಕೆಟ್ 30, ರೆಸಿಸ್ಟರ್ ಕೆಪಾಸಿಟರ್ ಡಯೋಡ್ ಟ್ರಾನ್ಸಿಸ್ಟರ್ ಎಲ್ಲ ಸೇರಿ 165, ಜೀರೋ ಪಿಸಿಬಿ (ಬರೀ ತೂತುಗಳ ಬೋರ್ಡು) 40, ನಾಬ್ 80. ಒಟ್ಟು 1,400. ಅದೂ ಚೌಕಾಸಿ ಮಾಡದೆ.

ಒರಟುತನ ಹೊಂದಿಸುವ ಡ್ರೈವ್‌ಗೆ 500ಕೆ (ಕಿಲೊ ಓಮ್) ಪಾಟ್ ಸಿಗಲಿಲ್ಲ. ಕೇಳಿದ ಕಡೆಯೆಲ್ಲ 470ಕೆ ಮುಂದೆ ಚಾಚಿದರು, ಅದನ್ನೇ ಹಾಕಿದೆ. 51 ಪಿಕೊಫ್ಯಾರಡ್ ಕೆಪಾಸಿಟರ್ ಬದಲು 47 ಹಾಕಿದೆ. ಕಿವಿಗೆ ಎಳ್ಳಷ್ಟೂ ವ್ಯತ್ಯಾಸ ತಿಳಿಯುವುದಿಲ್ಲ. ಕಾಡಿಸಿದ್ದು ಬೂಸ್ಟರ್. ಅಂಗಡಿಯವನು 2ಎನ್3904 ಟ್ರಾನ್ಸಿಸ್ಟರ್ ಇಲ್ಲವೆಂದು ಬಿಸಿ549 ಕೊಟ್ಟು “ಎರಡೂ ಒಂದೇ ಸಾರ್” ಎಂದ. ಹೇಗೆ ಒಂದೇ ಆಗುತ್ತದೆ? ಚಪ್ಪಟೆ ಮುಖವನ್ನು ನಮ್ಮತ್ತ ಹಿಡಿದರೆ 3904ರ ಕಾಲುಗಳು ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. 549ರದ್ದು ಕಲೆಕ್ಟರ್, ಬೇಸ್, ಎಮಿಟರ್. ಗಿಟಾರ್ ಮೀಟಿದರೆ ಪಕ್ಕದ ಮನೆಯಲ್ಲಿ ಯಾರೋ ಕೆಮ್ಮಿದಷ್ಟು ಸದ್ದು. ತಿರುಗಿಸಿ ಹಾಕಿದ ಮೇಲೆ ಕಲೆಕ್ಟರ್‌ನಲ್ಲಿ 4 ವೋಲ್ಟಿನ ಆಸುಪಾಸು ಬಂತು, ಅಲ್ಲಿಂದ ಇಲ್ಲಿಯವರೆಗೆ ಒಂದು ದಿನವೂ ಮುನಿಸಿಕೊಂಡಿಲ್ಲ. ಇದಕ್ಕೂ ಮೊದಲು ಕಟ್ಟಿದ ಬೂಸ್ಟರ್ ಸ್ಟೀಲ್ ತಿಂಡಿ ಡಬ್ಬಿಯಲ್ಲಿದೆ, ಅದೂ ಹಾಡುತ್ತಿದೆ.

ಎರಡನೇ ತಂತಿ
ಭಟ್ಟರೆ, 1,400 ಎಂದು ಎದೆ ತಟ್ಟಿಕೊಳ್ಳುತ್ತೀರಲ್ಲ, ಬಸ್ ಚಾರ್ಜು ಎಲ್ಲಿ? ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಡ್ರಿಲ್ ಬಿಟ್ ಇವೆಲ್ಲ ಅಜ್ಜನ ಕಾಲದಿಂದ ಮನೆಯಲ್ಲಿದ್ದವೇ?

ನಾನು ಹೊರದೇಶದಿಂದ ಕಿಟ್ ತರಿಸಿದೆ, ಮುಚ್ಚುಮರೆ ಏನಿಲ್ಲ. ಕಿಟ್‌ಗೆ ಅಂಚೆ ವೆಚ್ಚ ಸೇರಿ 3,100. ಪೆಟ್ಟಿಗೆ ಚೆನ್ನೈನಲ್ಲಿ ಸಿಕ್ಕಿಹಾಕಿಕೊಂಡಿತು. ಸುಂಕ 1,190, ಕೊರಿಯರ್‌ನವರ ‘ನಿರ್ವಹಣಾ ಶುಲ್ಕ’ 450. ಈ ಶುಲ್ಕ ಯಾವ ನಿರ್ವಹಣೆಗೆ ಎಂದು ಬರೆದು ಕೇಳಿದ್ದಕ್ಕೆ ಇವತ್ತಿಗೂ ಉತ್ತರವಿಲ್ಲ. ಒಟ್ಟು 4,740. ಆದರೆ ಅಚ್ಚು ಹಾಕಿದ ಬೋರ್ಡು, ಪ್ರತಿ ರೆಸಿಸ್ಟರ್ ಪಕ್ಕದಲ್ಲಿ ಅದರ ಓಮ್ ಮೌಲ್ಯ, ಡಬ್ಬಿಗೆ ಮೊದಲೇ ಕೊರೆದ ತೂತುಗಳು. ಸಂಜೆ ಕುಳಿತವನು ಊಟದ ಹೊತ್ತಿಗೆ ನುಡಿಸುತ್ತಿದ್ದೆ. ಜೀರೋ ಪಿಸಿಬಿಯ ಹಿಂದೆ ತಂತಿಯ ಗೂಡು ಕಟ್ಟಿಕೊಂಡು ಕೂರುವ ತಾಳ್ಮೆ ನನಗಿಲ್ಲ.

ಕೊನೆಗೆ ಕೈಕೊಟ್ಟಿದ್ದು ಅದರೊಂದಿಗೆ ಬಂದ ಕಾಲ್‌ಸ್ವಿಚ್. ಮಳೆಗಾಲ ಮುಗಿಯುವಷ್ಟರಲ್ಲಿ ಒತ್ತಿದಾಗಲೆಲ್ಲ ‘ಟಪ್’ ಎನ್ನತೊಡಗಿತು, ಆಮೇಲೆ ಒಂದು ಕಡೆಯ ಸಂಪರ್ಕವೇ ಹೋಯಿತು. ಬದಲಿ ಸ್ವಿಚ್ 210. ಒಂಬತ್ತು ಕಾಲು ಬಿಚ್ಚಿ ಒಂಬತ್ತು ಕಾಲು ಬೆಸೆಯುವ ಸುಖವನ್ನು ಯಾರಿಗೂ ಬಯಸುವುದಿಲ್ಲ.

ಓಮನ ನಿಯಮ
ಇಬ್ಬರಿಗೂ ದುಡ್ಡಿನ ಲೆಕ್ಕವೇ ಲೆಕ್ಕ. ಸರ್ಕ್ಯೂಟಿನ ಲೆಕ್ಕ ಯಾರಿಗೂ ಬೇಡ.

ಟ್ಯೂಬ್ ಸ್ಕ್ರೀಮರ್‌ನ ಫೀಡ್‌ಬ್ಯಾಕ್ ಹಾದಿಯಲ್ಲಿ (ಐಸಿಯ ಔಟ್‌ಪುಟ್ ಇನ್‌ಪುಟ್‌ಗೆ ಮರಳುವ ದಾರಿ) 51ಕೆ ರೆಸಿಸ್ಟರ್ ಮತ್ತು 500ಕೆ ಪಾಟ್, ನೆಲದ (ಗ್ರೌಂಡ್) ಕಡೆಗೆ 4.7ಕೆ. ಡ್ರೈವ್ ಸೊನ್ನೆಯಲ್ಲಿದ್ದರೂ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) ಸುಮಾರು 12, ಪೂರ್ತಿ ತಿರುಗಿಸಿದರೆ 118. ಆ 4.7ಕೆ ಜೊತೆಗಿರುವ 0.047 ಮೈಕ್ರೊಫ್ಯಾರಡ್‌ನಿಂದಾಗಿ 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಿಗೆ ಗೇನ್ ಇಳಿಯುತ್ತಾ ಹೋಗುತ್ತದೆ. ಮಂದ್ರದ ತಂತಿ ಕಲಸಿಹೋಗದೆ, ಮಧ್ಯದ ಸ್ವರಗಳು ಮುಂದೆ ಬರುವುದು ಇದರಿಂದ. ಸದ್ದಿನ ಗುಣ ಇರುವುದು ಇಲ್ಲಿ, ಐಸಿಯ ಬೆನ್ನ ಮೇಲಿನ ಹೆಸರಿನಲ್ಲಲ್ಲ.

ಈ ಹೆಸರಿನ ಹುಚ್ಚಿಗೆ ನಾನು ಸುಂಕ ಕಟ್ಟಿದ್ದೇನೆ. ಎಂಬತ್ತರ ದಶಕದ ಅಸಲಿ ಜೆಆರ್‌ಸಿ4558ಡಿ ಎಂದು ಒಬ್ಬ ಮಾರಾಟಗಾರ ಒಂದು ಚಿಪ್‌ಗೆ 650 ವಸೂಲಿ ಮಾಡಿದ. ಅನುಮಾನ ಬಂದು ಉಗುರುಬಣ್ಣ ತೆಗೆಯುವ ದ್ರಾವಣವನ್ನು ಹತ್ತಿಗೆ ಅದ್ದಿ ಉಜ್ಜಿದೆ. ಹತ್ತಿ ಕಪ್ಪಾಯಿತು, ಅಕ್ಷರ ಮಾಯವಾಯಿತು, ಕೆಳಗೆ ಬೇರೆಯದೇ ಸಂಖ್ಯೆಯ ನೆರಳು ಕಂಡಿತು. ಪಕ್ಕದಲ್ಲೇ 12 ರೂಪಾಯಿಯ 4558 ಇಟ್ಟು ಕೇಳಿಸಿದರೆ ನಮ್ಮ ತಂಡದ ಯಾರೂ ಗುರುತಿಸಲಿಲ್ಲ.

ಕೆಂಪು ನಾಬ್
ಕಿವಿಯಿಲ್ಲದ ತಂಡವನ್ನು ಕೂರಿಸಿ ಪರೀಕ್ಷೆ ಮಾಡಿದರೆ ಫಲಿತಾಂಶ ಹಾಗೆಯೇ ಬರುತ್ತದೆ. ನೀವು ನಕಲಿ ಚಿಪ್‌ಗೆ ಮೋಸಹೋದಿರಿ ಎಂದ ಮಾತ್ರಕ್ಕೆ ಅಸಲಿ ಚಿಪ್ ಎಂಬುದೇ ಇಲ್ಲವೇ? ನನ್ನ ಟಿಎಸ್9 ಟ್ಯೂಬ್ ಸ್ಕ್ರೀಮರ್‌ನಲ್ಲಿ ಜೆಆರ್‌ಸಿ2043ಡಿಡಿ ಇತ್ತು. ಅದನ್ನು ಕಿತ್ತು 4558 ಹಾಕಿ ಅದಕ್ಕೂ ಹಿಂದಿನ 808 ಮಾದರಿಯಂತೆ ಬದಲಾಯಿಸಿದ ದಿನದಿಂದ ಗಿಟಾರೇ ಬೇರೆಯಾಗಿದೆ. ಮೆತ್ತಗಾಗಿದೆ, ಬೆರಳಿಗೆ ಮಾತು ಕೇಳುತ್ತದೆ. 808 ಬಂದ 1979ರಿಂದ ಜಗತ್ತಿನ ಗಿಟಾರ್ ವಾದಕರೆಲ್ಲ ಮೂರ್ಖರು, ನಿಮ್ಮ ಕ್ಯಾಲ್ಕುಲೇಟರ್ ಒಂದೇ ಜಾಣ!

ಓಮನ ನಿಯಮ
‘808ರಂತೆ ಬದಲಾಯಿಸಿದೆ’ ಎಂದಿರಲ್ಲ, ಅಂದರೆ ಔಟ್‌ಪುಟ್‌ನ 470 ಓಮ್ ತೆಗೆದು 100 ಹಾಕಿದಿರಿ, 100ಕೆ ತೆಗೆದು 10ಕೆ ಹಾಕಿದಿರಿ, ಅದೇ ದಿನ ಐಸಿಯನ್ನೂ ಬದಲಿಸಿದಿರಿ. ಮೂರು ಒಟ್ಟಿಗೆ ಮಾಡಿ ಕೀರ್ತಿಯನ್ನು ಐಸಿಗೆ ಮಾತ್ರ ಕೊಟ್ಟಿರಿ. ಸಾಕೆಟ್ ಇದ್ದರೆ ಹಳೆಯ ಐಸಿಯನ್ನು ಮತ್ತೆ ಹಾಕಿ, ಕಣ್ಣು ಮುಚ್ಚಿ ಕೇಳಿ, ಆಮೇಲೆ ಬನ್ನಿ.

ಕೆಂಪು ನಾಬ್
ಸಾಕೆಟ್ ಇಲ್ಲ. ನೇರವಾಗಿ ಬೆಸೆದಿದ್ದೇನೆ. ನನಗೆ ಯಾವ ಪರೀಕ್ಷೆಯೂ ಬೇಕಿಲ್ಲ.

ಹೊರನಾಡಿಗ
ಇಲ್ಲಿ ಜರ್ಮನಿಯಲ್ಲಿ ಇಂತಹ ತಾಪತ್ರಯವೇ ಇಲ್ಲ. ಸೋಮವಾರ ಬರೆದರೆ ಬುಧವಾರ ಎಲ್ಲ ಭಾಗಗಳೂ ಬಾಗಿಲಿಗೆ. ಎಸ್.ಪಿ. ರಸ್ತೆಯ ದೂಳು ಕುಡಿಯುವ ಬದಲು ಒಳ್ಳೆಯ ವಿತರಕರಿಂದ ತರಿಸಿಕೊಳ್ಳಿ.

ಎರಡನೇ ತಂತಿ
ಮಹಾರಾಯರೆ, ಮೇಲೆ ನಾನು ಬರೆದ 1,640 ರೂಪಾಯಿಯ ಕಥೆಯನ್ನು ಓದಿ ಆಮೇಲೆ ಉಪದೇಶ ಮಾಡಿ. ಅಥವಾ ಮುಂದಿನ ಸಲ ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ಹತ್ತು ಕಾಲ್‌ಸ್ವಿಚ್ ತನ್ನಿ, ಪುಣ್ಯ ಬರುತ್ತದೆ.

ಹಳೆಯ ಆಂಪ್
ಐಸಿ ಜಗಳ ಮುಗಿದಿದ್ದರೆ ನನ್ನದೊಂದು ಮಾತು. ಪೆಡಲ್ ಕಟ್ಟುವುದರಲ್ಲಿ ನನಗೆ ಏನೂ ತೊಂದರೆಯಾಗಲಿಲ್ಲ. ಜೀವ ತಿಂದಿದ್ದು ಅಡಾಪ್ಟರ್. ಪೆಡಲ್‌ಗಳಲ್ಲಿ 9 ವೋಲ್ಟ್, ನಡುವಿನ ಪಿನ್ ನೆಗೆಟಿವ್. ಮನೆಯಲ್ಲಿ ಬಿದ್ದಿರುವ ರೂಟರ್ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುವಿನದು ಪಾಸಿಟಿವ್. ತಮ್ಮ ಬಂದವನು ಅದನ್ನೇ ಚುಚ್ಚಿದ, ಐಸಿ ಬಿಸಿಯಾಗಿ ಸತ್ತಿತು. ಒಂದು 1ಎನ್5817 ಡಯೋಡ್ ಸರಣಿಯಲ್ಲಿ ಇದ್ದರೆ ಇದು ಆಗುವುದೇ ಇಲ್ಲ, ಕಳೆದುಕೊಳ್ಳುವುದು ಅಲ್ಪ ವೋಲ್ಟೇಜ್ ಮಾತ್ರ. ಆಮೇಲೆ 150 ರೂಪಾಯಿಯ ಎಸ್‌ಎಂಪಿಎಸ್ (ಸ್ವಿಚಿಂಗ್ ಮಾದರಿಯ) ಅಡಾಪ್ಟರ್ ತಂದರೆ, ಬೂಸ್ಟರ್ ಹಾಕಿದ ಕೂಡಲೇ ಸೊಳ್ಳೆಯ ರಾಗ. 280ರದ್ದು ತಂದರೆ ಅದೇ ರಾಗ, ಶ್ರುತಿ ಮಾತ್ರ ಬೇರೆ. ಕೊನೆಗೆ 12-0 ಟ್ರಾನ್ಸ್‌ಫಾರ್ಮರ್ 190, ಬ್ರಿಡ್ಜ್ ಮತ್ತು ದೊಡ್ಡ ಕೆಪಾಸಿಟರ್ 45, 7809 ರೆಗ್ಯುಲೇಟರ್ 15, ಡಬ್ಬಿ 120, ತಂತಿ ಪ್ಲಗ್ 60. ಮೊದಲೇ ಇದನ್ನು ಕಟ್ಟಿಕೊಂಡಿದ್ದರೆ ಆ ಎರಡು ಅಡಾಪ್ಟರ್‌ಗಳ 430 ಜೇಬಿನಲ್ಲಿರುತ್ತಿತ್ತು.

ಇನ್ನೊಂದು, ಕೆಲವು ವರ್ಷಗಳ ಹಿಂದಿನದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಟ್ಟಿದ ಬೂಸ್ಟರ್‌ನಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೊಹರ್ಟ್ಸ್ ಬರುತ್ತಿತ್ತು. ಅಪ್ಪ ಬಾಗಿಲಲ್ಲಿ ನಿಂತು ಪ್ರದೇಶ ಸಮಾಚಾರ ಪೂರ್ತಿ ಕೇಳಿ, “ಇಷ್ಟಾದರೂ ಉಪಯೋಗವಾಯಿತು” ಎಂದು ಹೋದರು. ಡಬ್ಬಿಯ ಒಳಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ ನೆಲದ ತಂತಿಗೆ ಜೋಡಿಸಿ, ಬೇಸ್‌ನಿಂದ ನೆಲಕ್ಕೆ 100 ಪಿಕೊಫ್ಯಾರಡ್ ಹಾಕಿದ ಮೇಲೆ ಆಕಾಶವಾಣಿ ನಿಂತಿತು.

ಪೀಣ್ಯದವನು
ಎಲ್ಲರೂ ಐಸಿ, ಅಡಾಪ್ಟರ್ ಎನ್ನುತ್ತೀರಿ. ಮನೆಯಲ್ಲಿ ಕಟ್ಟಿದ ಪೆಡಲ್ ಕೆಡುವುದು ಡಬ್ಬಿಯಲ್ಲಿ. 1590ಬಿ ಎಂಬ ಲೋಹದ ಡಬ್ಬಿಯ ಅಳತೆ ಎಂದರೆ 112 × 60 × 31 ಮಿಲಿಮೀಟರ್. ಅದರಲ್ಲಿ ಎರಡು ಕಾಲ್‌ಸ್ವಿಚ್ ಕೂರಿಸಿದರೆ ಒಂದನ್ನು ಒತ್ತಲು ಹೋಗಿ ಎರಡನ್ನೂ ಒತ್ತುತ್ತೀರಿ. ಅಗಲದ 1590ಬಿಬಿ ಅಳತೆಯೇ ಬೇಕು. ಸ್ವಿಚ್‌ಗೆ 12 ಮಿ.ಮೀ. ತೂತು. ಮೊದಲು ಸೆಂಟರ್ ಪಂಚ್, ಆಮೇಲೆ 3 ಮಿ.ಮೀ. ಬಿಟ್, ನಂತರ ಸ್ಟೆಪ್ ಡ್ರಿಲ್. ನೇರವಾಗಿ 12 ಹಾಕಿದರೆ ಬಿಟ್ ಕುಣಿದು ತೂತು ತ್ರಿಕೋನವಾಗುತ್ತದೆ. ಭಟ್ಟರ ಸ್ಟೀಲ್ ತಿಂಡಿ ಡಬ್ಬಿಯನ್ನು ಯಾರೂ ಅನುಕರಿಸಬೇಡಿ. ಸ್ಟೇನ್‌ಲೆಸ್ ಸ್ಟೀಲ್ ಬಿಟ್ ಕೊರೆಯದೆ ಉಜ್ಜಿದಷ್ಟೂ ಗಡುಸಾಗುತ್ತದೆ, ಬಿಟ್ ಬಿಸಿಯಿಂದ ನೀಲಿಯಾಗಿ ಮೊಂಡಾಗುತ್ತದೆ. ಇವರು ಹೇಳದ ಖರ್ಚು ಅದೇ ಇರಬೇಕು.

ಬೆಸುಗೆ ಭಟ್ಟ
ಕೊಬ್ಬರಿ ಎಣ್ಣೆ ಬಿಟ್ಟು, ನಿಧಾನವಾಗಿ, ಕೈ ಡ್ರಿಲ್‌ನಲ್ಲಿ ಕೊರೆದೆ. ಒಂದು ಬಿಟ್ಟೂ ಮೊಂಡಾಗಲಿಲ್ಲ. ಕಾರ್ಖಾನೆಯ ಯಂತ್ರ ಇದ್ದವರಿಗೆ ಮಾತ್ರ ಪೆಡಲ್ ಕಟ್ಟುವ ಹಕ್ಕು ಎಂದು ಎಲ್ಲಿ ಬರೆದಿದೆ? ಬಸ್ ಚಾರ್ಜು ಕೇಳಿದವರಿಗೂ ಉತ್ತರ: ಬೆಂಗಳೂರಿಗೆ ಅಕ್ಕನ ಮಗುವಿನ ನಾಮಕರಣಕ್ಕೆ ಹೋಗಿದ್ದೆ. ಅದು ಪೆಡಲ್ ಖಾತೆಗೆ ಬರುವುದಿಲ್ಲ.

ತುಂಗಾತೀರ
ಎಲ್ಲರಿಗೂ ಧನ್ಯವಾದ. ಬೂಸ್ಟರ್ ಮೊದಲೋ ಕೊನೆಗೋ ಎಂಬುದು ಮಾತ್ರ ಇನ್ನೂ ತಿಳಿಯಲಿಲ್ಲ.

ಓಮನ ನಿಯಮ
ಮೊದಲು ಇಟ್ಟರೆ ಓವರ್‌ಡ್ರೈವ್‌ನ ಡಯೋಡ್‌ಗಳು ಸದ್ದಿನ ತುದಿಗಳನ್ನು ಇನ್ನಷ್ಟು ಬೇಗ ಕತ್ತರಿಸುತ್ತವೆ: ಸದ್ದು ಒರಟಾಗುತ್ತದೆ, ಜೋರು ಅಷ್ಟಾಗಿ ಹೆಚ್ಚುವುದಿಲ್ಲ. ಕೊನೆಗೆ ಇಟ್ಟರೆ ಜೋರು ಹೆಚ್ಚುತ್ತದೆ. ಎಲ್‌ಪಿಬಿಯ ಇನ್‌ಪುಟ್ ಪ್ರತಿರೋಧ ಕಡಿಮೆ, ಗಿಟಾರ್ ನೇರವಾಗಿ ಸೇರಿದರೆ ತಾರದ ಹೊಳಪು ತಗ್ಗುತ್ತದೆ. ನಿಮಗೆ ಕೊನೆಯೇ ಸರಿ.

ಕೆಂಪು ನಾಬ್
ತಪ್ಪು. 1968ರಲ್ಲಿ ಎಲೆಕ್ಟ್ರೋ-ಹಾರ್ಮೋನಿಕ್ಸ್‌ನವರು ಅದನ್ನು ಮಾರಿದ್ದೇ ಗಿಟಾರ್‌ಗೆ ನೇರವಾಗಿ ಚುಚ್ಚಲು, ಆಂಪ್ ಉಬ್ಬಸ ಬಿಡುವಂತೆ ಮಾಡಲು. ಹೊಳಪು ತಗ್ಗುವುದೇ ಅದರ ಸೊಗಸು. ಮೊದಲೇ ಇಡಿ.

ಓಮನ ನಿಯಮ
ಅವರದು 15 ವಾಟ್‌ನ ಟ್ರಾನ್ಸಿಸ್ಟರ್ ಆಂಪ್, ಉಬ್ಬಸ ಬಿಟ್ಟರೆ ಕೇಳಲಾಗುವುದಿಲ್ಲ. ಪ್ರಶ್ನೆಯನ್ನು ಓದಿ ಸ್ವಾಮಿ.

ಪೀಣ್ಯದವನು
ಇಬ್ಬರೂ ಜಗಳ ಮುಗಿಸುವಷ್ಟರಲ್ಲಿ ಒಂದು ಅದಲುಬದಲು ಸ್ವಿಚ್ ಹಾಕಿದರೆ ಎರಡೂ ಆಗುತ್ತದೆ. 6 ಮಿ.ಮೀ. ತೂತು ಸಾಕು. 1590ಬಿಬಿಗೆ ತೂತುಗಳ ಅಚ್ಚನ್ನು ಕಾಗದದ ಮೇಲೆ ಬರೆದಿಟ್ಟಿದ್ದೇನೆ, ಶಿವಮೊಗ್ಗದವರು ಕೇಳಿದರೆ ಕಳಿಸುತ್ತೇನೆ. ಭಟ್ಟರಿಗೆ ಬೇಕಿಲ್ಲ, ಅವರ ಬಳಿ ಕೊಬ್ಬರಿ ಎಣ್ಣೆ ಇದೆ.